ಮೊದಲ ತುತ್ತು: ಅನ್ನಪ್ರಾಶನ ಕ್ರಿಯೆಯ ಇತಿಹಾಸವೂ ಗೃಹಸ್ಥನ ಕರ್ತವ್ಯವೂ

ಗೃಹಸ್ಥಜೀವನದಲ್ಲಿ ಎಷ್ಟೋ ಕಾರ್ಯಗಳು ಸದ್ದಿಲ್ಲದೆ ನಡೆದುಹೋಗುತ್ತವೆ. ಹಸುಳೆಗೆ ಮೊದಲ ಬಾರಿ ಅನ್ನವನ್ನು ಉಣಿಸುವುದು ಅವುಗಳಲ್ಲೊಂದು. ನಾಮಕರಣಕ್ಕೆ ನೆಂಟರಿಷ್ಟರನ್ನು ಕರೆಯುತ್ತೇವೆ, ವಿವಾಹಕ್ಕೆ ಊರನ್ನೇ ಕರೆಯುತ್ತೇವೆ. ಆದರೆ ಮಗುವಿನ ಮೊದಲ ತುತ್ತು ತಾಯಿಯ ಅಥವಾ ಅಜ್ಜಿಯ ಬೆರಳ ತುದಿಯಲ್ಲಿ ಮುಗಿದುಹೋಗುತ್ತದೆ. ಇಷ್ಟು ಚಿಕ್ಕದಾಗಿ ಕಾಣುವ ಈ ಕಾರ್ಯಕ್ಕೆ ನಮ್ಮ ಪೂರ್ವಾಚಾರ್ಯರು ಒಂದು ಕ್ರಿಯೆಯ ಗೌರವವನ್ನು ಏಕೆ ಕೊಟ್ಟರು? ಅದನ್ನು ಯಾವ ಕಾಲದಲ್ಲಿ ಮಾಡಬೇಕೆಂದರು? ಅಹಿಂಸೆಯನ್ನೇ ಪರಮಧರ್ಮವೆಂದು ನಂಬಿದ ಮನೆಯಲ್ಲಿ ಆ ತುತ್ತು ಯಾವುದಾಗಿರಬೇಕು? ಈ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಲು ಯತ್ನಿಸಿದ್ದೇನೆ.

ಭೋಗಭೂಮಿಯ ಶಿಶು, ಕರ್ಮಭೂಮಿಯ ಶಿಶು

ನಮ್ಮ ಪುರಾಣಗಳು ಭೋಗಭೂಮಿಯನ್ನು ವರ್ಣಿಸುವಾಗ ಅಲ್ಲಿಯ ಶಿಶುಗಳ ಸಂಗತಿಯನ್ನೂ ಹೇಳುತ್ತವೆ. ಅಲ್ಲಿ ಅವಳಿಗಳಾಗಿ ಹುಟ್ಟಿದ ಮಕ್ಕಳು ತಮ್ಮ ಹೆಬ್ಬೆರಳನ್ನೇ ಚೀಪುತ್ತ ಕೆಲವು ದಿನಗಳನ್ನು ಕಳೆದು ಬೇಗನೆ ಬೆಳೆದುಬಿಡುತ್ತವೆ. ಕಲ್ಪವೃಕ್ಷಗಳಿರುವಲ್ಲಿ ಒಲೆಯಿಲ್ಲ, ಒರಳಿಲ್ಲ, ಬೇಯಿಸುವವರಿಲ್ಲ, ಉಣಿಸುವವರೂ ಇಲ್ಲ. ಕಾಲಚಕ್ರ ಇಳಿಮುಖವಾಗಿ ಕಲ್ಪವೃಕ್ಷಗಳು ಕಣ್ಮರೆಯಾದಾಗ ಹಸಿದ ಪ್ರಜೆಗಳು ನಾಭಿರಾಜನ ಬಳಿಗೆ ಬಂದರು. ಯಾವ ಸಸ್ಯವು ಉಣ್ಣತಕ್ಕದ್ದು, ಯಾವುದು ಅಲ್ಲ ಎಂಬುದನ್ನು ಅವನು ತಿಳಿಸಿಕೊಟ್ಟನು. ಅನಂತರ ಭಗವಾನ್ ಋಷಭದೇವನು ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದನು. ಕನ್ನಡಿಗರಾದ ನಮಗೆ ಈ ಕಥಾನಕವು ಪಂಪಮಹಾಕವಿಯು ಕ್ರಿ.ಶ. 941ರಲ್ಲಿ ರಚಿಸಿದ ಆದಿಪುರಾಣದಿಂದ ಚಿರಪರಿಚಿತವಾಗಿದೆ.

ಈ ಕಥೆಯಲ್ಲಿ ಅಡಗಿರುವ ತತ್ತ್ವವು ಗಮನಾರ್ಹವಾದುದು. ಕರ್ಮಭೂಮಿಯಲ್ಲಿ ಆಹಾರವು ತಾನಾಗಿ ಬರುವುದಿಲ್ಲ. ಒಬ್ಬರು ಉಳಬೇಕು, ಒಬ್ಬರು ಕುಟ್ಟಬೇಕು, ಒಬ್ಬರು ಬೇಯಿಸಬೇಕು. ಈ ಪ್ರತಿಯೊಂದು ಹೆಜ್ಜೆಯಲ್ಲಿಯೂ ಅಲ್ಪಸ್ವಲ್ಪ ಹಿಂಸೆ ಇದ್ದೇ ಇದೆ. ಅದನ್ನು ಆರಂಭೀ ಹಿಂಸೆಯೆಂದು ಶಾಸ್ತ್ರಕಾರರು ಗುರುತಿಸಿದ್ದಾರೆ. ತಾಯಿಯ ಹಾಲನ್ನು ಮಾತ್ರ ಕುಡಿಯುವವರೆಗೆ ಮಗುವು ಈ ವ್ಯವಹಾರದಿಂದ ದೂರವಿರುತ್ತದೆ. ಮೊದಲ ತುತ್ತನ್ನು ನುಂಗಿದ ಕ್ಷಣದಲ್ಲಿ ಅದು ಕರ್ಮಭೂಮಿಯ ಋಣದೊಳಗೆ ಕಾಲಿಡುತ್ತದೆ. ಆ ಪ್ರವೇಶವು ಪೂಜೆಯಿಂದಲೂ ವಿವೇಕದಿಂದಲೂ ಆಗಲಿ ಎಂಬುದೇ ಅನ್ನಪ್ರಾಶನದ ಆಶಯವೆಂದು ನನಗೆ ತೋರುತ್ತದೆ.

ಆದಿಪುರಾಣದ ವಿಧಿ

ಶ್ರಾವಕನ ಸಂಸ್ಕಾರಗಳನ್ನು ಕ್ರಮಬದ್ಧವಾಗಿ ನಿರೂಪಿಸಿದ ಕೀರ್ತಿಯು ಸಂಸ್ಕೃತ ಆದಿಪುರಾಣವನ್ನು ರಚಿಸಿದ ಭಗವಜ್ಜಿನಸೇನಾಚಾರ್ಯರಿಗೆ ಸಲ್ಲುತ್ತದೆ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಒಂದನೆಯ ಅಮೋಘವರ್ಷನ ಕಾಲದಲ್ಲಿ ಅವರು ಬಾಳಿದರು. ಆ ಗ್ರಂಥದ 42 ಪರ್ವಗಳನ್ನು ಪೂರೈಸಿ ಮುಂದಿನ ಪರ್ವವನ್ನು ಆರಂಭಿಸುವಷ್ಟರಲ್ಲಿ ಅವರು ದಿವಂಗತರಾದರು. ಉಳಿದುದನ್ನು ಶಿಷ್ಯರಾದ ಗುಣಭದ್ರಾಚಾರ್ಯರು ಪೂರ್ಣಗೊಳಿಸಿದರು. ಭರತ ಚಕ್ರವರ್ತಿಯ ಬಾಯಿಂದ ಬರುವ ಕ್ರಿಯಾಕಲಾಪಗಳ ಉಪದೇಶವು 38ನೆಯ ಪರ್ವದಿಂದ ಮೊದಲಾಗುತ್ತದೆ. ಗರ್ಭಾನ್ವಯ ಕ್ರಿಯೆಗಳು 53, ದೀಕ್ಷಾನ್ವಯ ಕ್ರಿಯೆಗಳು 48, ಕರ್ತ್ರನ್ವಯ ಕ್ರಿಯೆಗಳು 7. ಗರ್ಭಾನ್ವಯದ 53 ಕ್ರಿಯೆಗಳು ಆಧಾನದಿಂದ ಆರಂಭವಾಗಿ ನಿರ್ವಾಣದಲ್ಲಿ ಮುಗಿಯುತ್ತವೆ. ಅಂದರೆ ಮಗುವಿನ ಮೊದಲ ತುತ್ತು ಮತ್ತು ಜೀವದ ಮೋಕ್ಷ ಒಂದೇ ಸರಮಾಲೆಯ ಮಣಿಗಳು.

ಈ ಸರಮಾಲೆಯಲ್ಲಿ ಅನ್ನಪ್ರಾಶನವು 10ನೆಯದು. ಅದಕ್ಕೆ ಮುಂಚೆ 7ನೆಯದಾಗಿ ನಾಮಕರ್ಮ, 8ನೆಯದಾಗಿ ಮಗುವನ್ನು ಮನೆಯಿಂದ ಹೊರಗೆ ಕರೆತರುವ ಬಹಿರ್ಯಾನ, 9ನೆಯದಾಗಿ ಮಗುವನ್ನು ಆಸನದ ಮೇಲೆ ಕುಳ್ಳಿರಿಸುವ ನಿಷದ್ಯಾ ಕ್ರಿಯೆ ಬರುತ್ತವೆ. 11ನೆಯದು ವರ್ಷ ತುಂಬಿದಾಗಿನ ವ್ಯುಷ್ಟಿ. ಈ ಕ್ರಮವನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಮಗುವನ್ನು ಮೊದಲು ಕುಳ್ಳಿರಿಸುವುದು, ಅನಂತರ ಉಣಿಸುವುದು. ಆಸರೆ ಕೊಟ್ಟರೆ ಕುಳಿತುಕೊಳ್ಳಬಲ್ಲ, ಕುತ್ತಿಗೆಯನ್ನು ನೆಟ್ಟಗೆ ನಿಲ್ಲಿಸಬಲ್ಲ ಮಗುವಿಗೆ ಮಾತ್ರ ಗಟ್ಟಿ ಆಹಾರವನ್ನು ಆರಂಭಿಸಬೇಕೆಂದು ಇಂದಿನ ಶಿಶುವೈದ್ಯರೂ ಹೇಳುತ್ತಾರೆ. ಮಲಗಿಸಿ ಉಣಿಸಿದರೆ ತುತ್ತು ಶ್ವಾಸನಾಳಕ್ಕೆ ಜಾರುವ ಅಪಾಯವಿದೆ.

ಕಾಲನಿರ್ಣಯಕ್ಕೆ ಆಚಾರ್ಯರು ಬಳಸಿದ ಪದವೂ ವಿಚಾರಾರ್ಹವಾಗಿದೆ. ಜನನದಿಂದ ಮಾಸಪೃಥಕ್ತ್ವ ಕಳೆದ ಮೇಲೆ ಪೂಜಾವಿಧಿಯನ್ನು ಮುಂದಿಟ್ಟುಕೊಂಡು ಅನ್ನಪ್ರಾಶನವನ್ನು ಮಾಡಿಸಬೇಕೆಂಬುದು ಅವರ ಅಭಿಪ್ರಾಯ. ಪೃಥಕ್ತ್ವವೆಂಬುದು ನಮ್ಮ ಸಿದ್ಧಾಂತ ಗ್ರಂಥಗಳ ಪಾರಿಭಾಷಿಕ ಶಬ್ದ. ಮೂರಕ್ಕಿಂತ ಮೇಲೆ, ಒಂಬತ್ತಕ್ಕಿಂತ ಕೆಳಗಿನ ಸಂಖ್ಯೆಯೆಂದು ಅದಕ್ಕೆ ಅರ್ಥ. ಇದನ್ನು ಏಳೆಂಟು ತಿಂಗಳೆಂದು ಅರ್ಥೈಸುವುದೂ ಉಂಟು. ಹೇಗೇ ಆಗಲಿ, ಆಚಾರ್ಯರು ಒಂದು ದಿನವನ್ನು ಗೊತ್ತುಮಾಡಲಿಲ್ಲ, ಒಂದು ಅವಧಿಯನ್ನು ತೋರಿಸಿದರು. ಮಗುವಿನ ಬೆಳವಣಿಗೆಯನ್ನು ನೋಡಿ ನಿರ್ಧರಿಸುವ ಹೊಣೆಯನ್ನು ಗೃಹಸ್ಥನಿಗೇ ಬಿಟ್ಟರು.

ಇತರ ಪರಂಪರೆಗಳ ಸಾಕ್ಷ್ಯವೂ ಇದಕ್ಕೆ ದೂರವಿಲ್ಲ. ಮನುಸ್ಮೃತಿಯೂ ಸುಶ್ರುತಸಂಹಿತೆಯೂ ಆರನೆಯ ತಿಂಗಳನ್ನು ಸೂಚಿಸುತ್ತವೆ. ಬಾಲವೈದ್ಯಕ್ಕೆ ಮೀಸಲಾದ ಕಾಶ್ಯಪಸಂಹಿತೆಯು ಆರನೆಯ ತಿಂಗಳಲ್ಲಿ ಹಣ್ಣನ್ನೂ ಹತ್ತನೆಯ ತಿಂಗಳಲ್ಲಿ ಅನ್ನವನ್ನೂ ಹೇಳುತ್ತದೆ. ಶ್ವೇತಾಂಬರ ಪರಂಪರೆಯಲ್ಲಿ ವರ್ಧಮಾನಸೂರಿಗಳು ಹದಿನೈದನೆಯ ಶತಮಾನದ ಆರಂಭದಲ್ಲಿ ಬರೆದ ಆಚಾರದಿನಕರದ 16 ಗೃಹಸ್ಥ ಸಂಸ್ಕಾರಗಳಲ್ಲಿಯೂ ಅನ್ನಪ್ರಾಶನವಿದೆ. ನೆರೆಹೊರೆಯವರ ಸಂಸ್ಕಾರವನ್ನು ಜೈನರು ಏಕೆ ಸ್ವೀಕರಿಸಿದರೆಂದು ಕೆಲವರು ಕೇಳುವುದುಂಟು. ಸಮ್ಯಕ್ತ್ವಕ್ಕೆ ಹಾನಿಯಾಗದ, ವ್ರತಕ್ಕೆ ದೋಷ ತಟ್ಟದ ಲೌಕಿಕ ವಿಧಿಯೆಲ್ಲವೂ ಜೈನರಿಗೆ ಪ್ರಮಾಣವೇ ಎಂದು ಸೋಮದೇವಸೂರಿಗಳು ಯಶಸ್ತಿಲಕದಲ್ಲಿ, ಕ್ರಿ.ಶ. 959ರಷ್ಟು ಹಿಂದೆಯೇ, ಉತ್ತರ ಕೊಟ್ಟಿದ್ದಾರೆ. ಈ ಒಂದು ಸೂತ್ರವನ್ನು ಕೈಯಲ್ಲಿ ಹಿಡಿದರೆ ಮುಂದಿನ ಅನೇಕ ಸಂದೇಹಗಳು ತಾವಾಗಿ ಪರಿಹಾರವಾಗುತ್ತವೆ.

ವೈದ್ಯವೂ ಅಹಿಂಸೆಯೂ

ನಮ್ಮ ನಾಡಿನ ಜೈನರು ಆರೋಗ್ಯಶಾಸ್ತ್ರವನ್ನು ಧರ್ಮದಿಂದ ಬೇರ್ಪಡಿಸಿ ನೋಡಿದವರಲ್ಲ. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವೆಂಬ ವೈದ್ಯಗ್ರಂಥದ ಹಿತಾಹಿತ ಅಧ್ಯಾಯವು, ಮಾಂಸವನ್ನು ಔಷಧವಾಗಿ ಬಳಸುವುದರ ವಿರುದ್ಧ ನೃಪತುಂಗನ ಸಭೆಯಲ್ಲಿ ಮಂಡಿಸಿದ ವಾದವಾಗಿದೆ. ಈ ನೃಪತುಂಗನು ಅಮೋಘವರ್ಷನೇ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಉಗ್ರಾದಿತ್ಯರು ವೈದ್ಯವೇ ಬೇಡವೆನ್ನಲಿಲ್ಲ. ಅಹಿಂಸೆಗೆ ಒಪ್ಪುವ ವೈದ್ಯವು ಸಾಧ್ಯವೆಂದು ಶಾಸ್ತ್ರಬಲದಿಂದ ತೋರಿಸಿದರು. ಇದು ನಮಗೆ ದೊರೆತ ಅಮೂಲ್ಯ ಮೇಲ್ಪಂಕ್ತಿ.

ಮಧುವಿನ ಸಂಗತಿಯನ್ನು ನೋಡೋಣ. ಹುಟ್ಟಿದ ಶಿಶುವಿಗೆ ಜೇನುತುಪ್ಪ ನೆಕ್ಕಿಸುವ ರೂಢಿಯು ದೇಶದ ಅನೇಕ ಕಡೆಗಳಲ್ಲಿದೆ. ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಮೂಲಗುಣಗಳಲ್ಲಿ ಎಣಿಸುವ ನಮ್ಮ ಮನೆಗಳಲ್ಲಿ ಅದಕ್ಕೆ ಅವಕಾಶವಿಲ್ಲ. 1976ರಲ್ಲಿ ಶಿಶುಗಳ ಬೊಟುಲಿಸಂ ಎಂಬ, ನರಗಳನ್ನು ಸೋಲಿಸುವ ಕಾಯಿಲೆಯನ್ನು ಅಮೆರಿಕದ ವೈದ್ಯರು ಗುರುತಿಸಿದರು. ಜೇನುತುಪ್ಪದಲ್ಲಿರಬಹುದಾದ ಒಂದು ಬಗೆಯ ರೋಗಾಣುವಿನ ಬೀಜಕಗಳು ಅದಕ್ಕೆ ಒಂದು ಕಾರಣವೆಂದು ಅನಂತರ ತಿಳಿದುಬಂದಿತು. ವರ್ಷ ತುಂಬುವವರೆಗೆ ಮಗುವಿಗೆ ಜೇನನ್ನು ಕೊಡಲೇಬಾರದೆಂದು ಈಗ ವೈದ್ಯಲೋಕವೇ ಹೇಳುತ್ತದೆ. ಹಾಗೆಂದು ನಮ್ಮ ಆಚಾರ್ಯರಿಗೆ ಈ ರೋಗಾಣುವು ತಿಳಿದಿತ್ತೆಂದು ಹೇಳುವುದು ಸತ್ಯಕ್ಕೆ ಅಪಚಾರವಾದೀತು. ಅವರು ಜೇನನ್ನು ಬಿಟ್ಟುದು ಜೇನುನೊಣಗಳ ಮೇಲಿನ ಕರುಣೆಯಿಂದ. ಆ ಕರುಣೆಯು ನಮ್ಮ ಹಸುಳೆಗಳನ್ನೂ ಕಾಪಾಡಿತೆಂದು ಕೃತಜ್ಞತೆಯಿಂದ ನೆನೆದರೆ ಸಾಕು.

ಡಬ್ಬಿಯ ಆಹಾರದ ಕಾಲ

ಹಿಂದಿನ ಕಾಲದಲ್ಲಿ ಮಗುವಿನ ಆಹಾರವು ಮನೆಯ ಒರಳಿನಿಂದಲೇ ಬರುತ್ತಿತ್ತು. 1867ರಲ್ಲಿ ಸ್ವಿಟ್ಜರ್ಲೆಂಡಿನ ಹೆನ್ರಿ ನೆಸ್ಲೆಯು ಹಾಲು, ಗೋಧಿ ಹಿಟ್ಟು, ಸಕ್ಕರೆಗಳಿಂದ ಶಿಶು ಆಹಾರವನ್ನು ತಯಾರಿಸಿ ಮಾರತೊಡಗಿದಂದಿನಿಂದ ಹೊಸ ಯುಗವೊಂದು ಆರಂಭವಾಯಿತು. ನಮ್ಮ ದೇಶದಲ್ಲಿ ಈ ಇತಿಹಾಸವು ಮೈಸೂರಿನೊಡನೆ ಬೆಸೆದುಕೊಂಡಿದೆ. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಎಮ್ಮೆಯ ಹಾಲಿನಿಂದ ಶಿಶು ಆಹಾರವನ್ನು ತಯಾರಿಸುವ ವಿಧಾನವನ್ನು ರೂಪಿಸಿತು; ಅಮುಲ್ ಸಂಸ್ಥೆಯು ಅದನ್ನು ಬಳಸಿ ಡಬ್ಬಿಗಳನ್ನು ಮಾರುಕಟ್ಟೆಗೆ ತಂದಿತು. ಅದೇ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು 1982ರಲ್ಲಿ, ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳುಗಳಿಂದ ಮಾಡುವ ಶಿಶು ಆಹಾರದ ಬಗೆಗೆ ಪ್ರಬಂಧವನ್ನು ಪ್ರಕಟಿಸಿದರು. ನಮ್ಮ ಅಜ್ಜಿಯರ ರಾಗಿ ಸರಿಗೆ ವಿಜ್ಞಾನದ ಮನ್ನಣೆಯು ಹೀಗೆ ದೊರೆಯಿತು.

ಡಬ್ಬಿಯ ಜಾಹೀರಾತುಗಳು ತಾಯಂದಿರನ್ನು ದಾರಿತಪ್ಪಿಸುತ್ತಿರುವುದನ್ನು ಕಂಡು ವಿಶ್ವ ಆರೋಗ್ಯ ಸಂಸ್ಥೆಯ ಸಭೆಯು 1981ರಲ್ಲಿ ಒಂದು ಸಂಹಿತೆಯನ್ನು ಅಂಗೀಕರಿಸಿತು. ಭಾರತವು 1992ರಲ್ಲಿ ಕಾನೂನನ್ನು ಮಾಡಿ, 2003ರ ತಿದ್ದುಪಡಿಯಿಂದ ಅದನ್ನು ಬಿಗಿಗೊಳಿಸಿ, ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನು ನಿಷೇಧಿಸಿತು. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ಅನಂತರ ಎದೆಹಾಲಿನೊಡನೆ ಇತರ ಆಹಾರ ಎಂಬ ನಿಯಮವು 2001ರಲ್ಲಿ ಜಗತ್ತಿಗೆಲ್ಲ ಅನ್ವಯಿಸುವ ಶಿಫಾರಸಾಯಿತು. ಈ ಆರು ತಿಂಗಳು ಮಾಸಪೃಥಕ್ತ್ವದ ಒಳಗೇ ಇದೆಯೆಂಬುದನ್ನು ವಾಚಕರು ಗಮನಿಸಬೇಕು.

ನಮ್ಮ ಮನೆಯ ಒಂದು ಪ್ರಸಂಗ

ಇನ್ನು ನನ್ನ ಮನೆಯಲ್ಲಿಯೇ ನಡೆದುದನ್ನು ಹೇಳದೆ ಮುಂದುವರಿಯಲಾರೆ. ನನ್ನ ಮೊಮ್ಮಗಳಿಗೆ ಆರು ತಿಂಗಳು ತುಂಬಿದಾಗ ಸೊಸೆಯು, "ಮಾವಾ, ಸ್ವಲ್ಪ ಗಂಜಿ ಕೊಡಲೇ?" ಎಂದು ಕೇಳಿದಳು. ಕಿರಿಯ ಮಗನು ಪರದೇಶದಿಂದ ಬರಬೇಕಾಗಿತ್ತು. ಬಸದಿಯಲ್ಲಿ ಅಭಿಷೇಕವನ್ನು ಮಾಡಿಸಿ, ಎಲ್ಲರ ಸಮ್ಮುಖದಲ್ಲಿ ಅನ್ನಪ್ರಾಶನವನ್ನು ನೆರವೇರಿಸಬೇಕೆಂಬ ಆಸೆ ನನಗೆ. "ಶಾಸ್ತ್ರ ಮುಗಿಯಲಿ ತಾಯಿ, ಅಲ್ಲಿಯವರೆಗೆ ಹಾಲೇ ಸಾಕು" ಎಂದೆ. ಮಗನ ಪ್ರಯಾಣ ಮುಂದಕ್ಕೆ ಹೋಯಿತು. ಒಂದು ಮುಹೂರ್ತ ತಪ್ಪಿತು, ಮತ್ತೊಂದೂ ತಪ್ಪಿತು. ಸೊಸೆಯು ಇನ್ನೊಮ್ಮೆ ಕೇಳಿದಳು; ಮೂರನೆಯ ಬಾರಿ ಕೇಳಲಿಲ್ಲ. ಒಂಬತ್ತನೆಯ ತಿಂಗಳು ನಡೆಯುತ್ತಿದ್ದಾಗ ಮಗು ಸೊರಗಿದ್ದುದು, ರೆಪ್ಪೆಯ ಒಳಭಾಗ ಬಿಳಿಚಿದ್ದುದು ನನ್ನ ಮಂದದೃಷ್ಟಿಗೂ ಕಂಡಿತು. ಪರೀಕ್ಷಿಸಿದ ವೈದ್ಯೆಯು ಗದರಲಿಲ್ಲ. "ಅಜ್ಜನವರೇ, ಶಾಸ್ತ್ರಕ್ಕೆ ದಿನ ನೋಡಿ, ಬೇಡವೆನ್ನುವುದಿಲ್ಲ. ಹಸಿವಿಗೆ ದಿನ ನೋಡಬೇಡಿ" ಎಂದಷ್ಟೇ ಹೇಳಿದರು. ಅಂದು ಸಂಜೆ ಸೂರ್ಯಾಸ್ತಕ್ಕೆ ಮುಂಚೆ, ಮನೆಯ ದೇವರ ಕೋಣೆಯಲ್ಲಿ ಣಮೋಕಾರವನ್ನು ಹೇಳಿ, ಸೊಸೆಯ ಕೈಯಿಂದಲೇ ಮೊದಲ ತುತ್ತನ್ನು ಕೊಡಿಸಿದೆ. ಮಗು ಚಮಚವನ್ನು ಬಿಡಲೊಲ್ಲದು. ಅದನ್ನು ನೋಡಿ ನನಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಕಬ್ಬಿಣದ ಔಷಧ ಮತ್ತು ಸರಿಯಾದ ಆಹಾರದಿಂದ ಕೆಲವು ತಿಂಗಳಲ್ಲಿ ಮಗು ಚೇತರಿಸಿಕೊಂಡಿತು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳು ಹೇಳಲ್ಪಟ್ಟಿವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊನೆಯದೆಂದರೆ ನಮ್ಮ ಅಧೀನದಲ್ಲಿರುವ ಜೀವಿಗೆ ಸಕಾಲದಲ್ಲಿ ಅನ್ನಪಾನಗಳನ್ನು ಕೊಡದಿರುವುದು. ಇದನ್ನು ನಾವು ಕೊಟ್ಟಿಗೆಯ ದನಗಳಿಗೂ ಮನೆಯ ಆಳುಗಳಿಗೂ ಅನ್ವಯಿಸಿ ಓದಿಕೊಂಡು ಬಂದಿದ್ದೇವೆ. ಬಾಯಿಬಿಟ್ಟು ಕೇಳಲಾರದ ಹಸುಳೆಗಿಂತ ಹೆಚ್ಚು ಅಧೀನವಾದ ಜೀವಿಯು ಯಾವುದಿದೆ? ಅನೇಕ ವರ್ಷ ಸ್ವಾಧ್ಯಾಯದಲ್ಲಿ ಈ ಸೂತ್ರವನ್ನು ಓದಿದ ನಾನು, ಶಾಸ್ತ್ರದ ಹೆಸರಿನಲ್ಲಿಯೇ ಆ ಅತಿಚಾರವನ್ನು ಎಸಗಿದ್ದೆ. ಆಚಾರ್ಯರು ಅವಧಿಯನ್ನು ಕೊಟ್ಟಿದ್ದರು. ದಿನವನ್ನು ಹಿಡಿದು ಕುಳಿತವನು ನಾನು.

ಅಡುಗೆಮನೆಯ ವಿವೇಕ

ಹಾಗಾದರೆ ಶ್ರಾವಕರ ಮನೆಯಲ್ಲಿ ಮಗುವಿಗೆ ಏನನ್ನು ಕೊಡಬೇಕು? ಆರು ತಿಂಗಳ ಹೊತ್ತಿಗೆ ಹುಟ್ಟಿನಿಂದ ಬಂದ ಕಬ್ಬಿಣದಂಶವು ಕರಗುತ್ತ ಬರುತ್ತದೆ. ಎದೆಹಾಲಿನಲ್ಲಿ ಅದು ಅತ್ಯಲ್ಪ. ಮೊಟ್ಟೆ ಮಾಂಸಗಳನ್ನು ಕೊಡಿರೆಂಬ ಸಲಹೆಯು ಇದೇ ಕಾರಣಕ್ಕೆ ಬರುತ್ತದೆ. ಅದನ್ನು ನಾವು ಒಪ್ಪಲಾರೆವು; ಒಪ್ಪಲಾರದವರು ಬೇರೆ ದಾರಿಯನ್ನು ಶ್ರದ್ಧೆಯಿಂದ ಹುಡುಕುವುದು ಕರ್ತವ್ಯ. ಬೇಡವೆನ್ನುವುದು ಸುಲಭ, ಅದರ ಸ್ಥಾನವನ್ನು ತುಂಬುವುದು ಕಷ್ಟ.

ಮೆತ್ತಗೆ ಬೇಯಿಸಿದ ಅಕ್ಕಿ ಮತ್ತು ಹೆಸರುಬೇಳೆ, ರಾಗಿ ಸರಿ, ಕರಾವಳಿಯ ರಾಗಿ ಮಣ್ಣಿ, ಹಿಸುಕಿದ ಬಾಳೆಹಣ್ಣು, ಬೇಯಿಸಿದ ಸಿಹಿಗುಂಬಳ, ಪಪ್ಪಾಯಿ, ಚೆನ್ನಾಗಿ ಆರಿಸಿ ತೊಳೆದು ಬೇಯಿಸಿದ ಸೊಪ್ಪು: ಇವೆಲ್ಲ ನಮ್ಮ ಅಡುಗೆಮನೆಗೆ ಪರಿಚಿತವಾದುವೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಗಜ್ಜರಿಯೇ ಬೇಕೆನ್ನುವವರಿಗೆ ಸಿಹಿಗುಂಬಳವು ಉತ್ತರವಾಗುತ್ತದೆ. ಕಂದಮೂಲವನ್ನು ಬಿಟ್ಟ ಮಾತ್ರಕ್ಕೆ ಮಗುವಿಗೆ ಕೊರತೆಯಾಗುವುದಿಲ್ಲ. ಬೇಳೆಯ ಕಬ್ಬಿಣದಂಶವು ಮೈಗೆ ಹತ್ತಲು ಒಂದೆರಡು ಹನಿ ನಿಂಬೆರಸವು ಸಹಾಯಕ. ಗಂಜಿಯು ನೀರಾಗಿರಬಾರದು, ಚಮಚದಿಂದ ಸುರಿದುಹೋಗದಷ್ಟು ಗಟ್ಟಿಯಾಗಿರಬೇಕು. ಪುಟ್ಟ ಹೊಟ್ಟೆಯನ್ನು ನೀರಿನಿಂದ ತುಂಬಿಸಿದರೆ ಪುಷ್ಟಿಗೆ ಎಡೆಯೆಲ್ಲಿ? ಮೇಲೆ ಸ್ವಲ್ಪ ತುಪ್ಪವಿರಲಿ. ಎರಡು ಮೂರು ಚಮಚಗಳಿಂದ ಆರಂಭಿಸಿ ಕ್ರಮೇಣ ಹೆಚ್ಚಿಸಬೇಕು. ವರ್ಷ ತುಂಬುವವರೆಗೆ ಉಪ್ಪು ಸಕ್ಕರೆಗಳನ್ನು ಬೆರೆಸಬಾರದೆಂಬುದು ವೈದ್ಯರ ಮಾತು. ಶಾಸ್ತ್ರದ ದಿನ ಪಾಯಸವನ್ನು ತುಟಿಗೆ ಸೋಕಿಸಿದರೆ ಸಾಕು.

ಮೊಳಕೆಯ ವಿಷಯದಲ್ಲಿ ಮತಭೇದವಿದೆ. ಮೊಳೆಯುವ ಧಾನ್ಯವನ್ನು ಅನಂತಕಾಯವೆಂದು ಬಿಡುವ ಮನೆಗಳು ಹಲವು. ಮೊಳಕೆ ಬರಿಸಿದ ರಾಗಿಯ ಗಂಜಿಯು ಹೆಚ್ಚು ನೀರಿಲ್ಲದೆಯೂ ತೆಳುವಾಗಿ, ನುಂಗಲು ಸುಲಭವಾಗಿರುತ್ತದೆ ಎಂಬುದೇ ಮೇಲೆ ಹೇಳಿದ ಪ್ರಬಂಧದ ಸಾರ. ಅದನ್ನು ಬಿಟ್ಟವರು ರಾಗಿಯನ್ನು ಅರಳಿಸಿ ಮಾಡಿದ ಹುರಿಹಿಟ್ಟನ್ನು ಬಳಸಬಹುದು. ಯಾವುದನ್ನು ಆಯ್ದುಕೊಂಡರೂ ಮಗುವಿಗೆ ಕೊರತೆಯಾಗದಂತೆ ನೋಡಿಕೊಳ್ಳುವುದೇ ಮುಖ್ಯ. ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂಬ ನಮ್ಮ ಹಳೆಯ ನಿಯಮವು, ತಿಂಗಳುಗಟ್ಟಲೆ ಇಡುವ ಹಿಟ್ಟಿಗಿಂತ ಮಗುವಿಗೆ ಹಿತಕರ. ಸೋಸಿ ಕಾಯಿಸಿದ ನೀರಿನ ನಿಯಮದ ಬಗೆಗೆ ಹೇಳಬೇಕಾದುದೇ ಇಲ್ಲ.

ರಾತ್ರಿಭೋಜನದ ಸಂದೇಹವನ್ನೂ ಕೆಲವು ತಾಯಂದಿರು ಎತ್ತುತ್ತಾರೆ. ವ್ರತಗ್ರಹಣದ ಅರ್ಹತೆಯು ಎಂಟು ವರ್ಷ ತುಂಬಿದ ಮೇಲೆ ಎಂಬುದು ಸಿದ್ಧಾಂತ. ಆದುದರಿಂದ ರಾತ್ರಿ ಎದೆಹಾಲನ್ನು ಕುಡಿಸಲು ಹಿಂಜರಿಯಬೇಕಾಗಿಲ್ಲ. ಗಟ್ಟಿ ಆಹಾರವು ಆರರಿಂದ ಎಂಟು ತಿಂಗಳ ಮಗುವಿಗೆ ದಿನಕ್ಕೆ ಎರಡು ಮೂರು ಸಲ, ಅನಂತರ ಮೂರು ನಾಲ್ಕು ಸಲ ಬೇಕು. ಇದಿಷ್ಟನ್ನೂ ಸೂರ್ಯನ ಬೆಳಕಿನಲ್ಲಿಯೇ ಪೂರೈಸಬಹುದು.

ಬಿ12 ಎಂಬ ಜೀವಸತ್ತ್ವದ ಬಗೆಗೆ ಮಾತ್ರ ವಿಶೇಷ ಎಚ್ಚರ ಬೇಕು. ಅದು ಸಸ್ಯಾಹಾರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಮಗೆ ಹಾಲು ಮೊಸರುಗಳೇ ಆಧಾರ. ತಾಯಿಯಲ್ಲಿ ಕೊರತೆಯಿದ್ದರೆ ಅವಳ ಹಾಲಿನಲ್ಲಿಯೂ ಕೊರತೆ. ಮಗುವಿನ ರಕ್ತ ಮತ್ತು ನರಗಳ ಬೆಳವಣಿಗೆ ಅದರಿಂದ ಕುಂಠಿತವಾಗುತ್ತದೆ. ಗರ್ಭಿಣಿಯರೂ ಬಾಣಂತಿಯರೂ ವೈದ್ಯರನ್ನು ಕೇಳಿ ಪರೀಕ್ಷಿಸಿಕೊಳ್ಳಬೇಕು. ಬಾಣಂತಿಯಾದವಳು ಉಪವಾಸಗಳ ವಿಷಯದಲ್ಲಿ ಮಗುವಿನ ಹೊಟ್ಟೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2018ರಲ್ಲಿ ಆರಂಭವಾದ ರಕ್ತಹೀನತೆ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆ ಎರಡು ಬಾರಿ ಕಬ್ಬಿಣದ ಸಿರಪ್ಪನ್ನು ಕೊಡುವ ಕ್ರಮವಿದೆ. ಇದನ್ನು ಸಂಕೋಚವಿಲ್ಲದೆ ಕೇಳಿ ಪಡೆಯಬೇಕು.

ಬಸದಿಯ ಟ್ರಸ್ಟುಗಳಲ್ಲಿ ವಿನಂತಿ

ಕೊನೆಯದಾಗಿ ನಮ್ಮ ಬಸದಿಗಳ ವಿಶ್ವಸ್ತರಲ್ಲಿ ಒಂದು ವಿನಮ್ರ ವಿನಂತಿ. ಅನ್ನಪ್ರಾಶನವನ್ನು ಆಡಂಬರದಿಂದ ಬಿಡುಗಡೆಗೊಳಿಸೋಣ. ಆರು ತಿಂಗಳು ತುಂಬಿದ ಯಾವ ಮಗು ಬಂದರೂ, ಯಾವ ದಿನ ಬಂದರೂ, ನಿತ್ಯಪೂಜೆಯ ಬಳಿಕ ಪುರೋಹಿತರು, ಕರಾವಳಿಯಲ್ಲಾದರೆ ಇಂದ್ರರು, ಸರಳವಾಗಿ ಈ ಕ್ರಿಯೆಯನ್ನು ನೆರವೇರಿಸಿಕೊಡುವಂತಾಗಲಿ. ಕಾಣಿಕೆಯ ಒತ್ತಾಯವಿರದಿರಲಿ, ಬಡವರ ಮಗುವಿಗೂ ಅದೇ ಆಸನವಿರಲಿ. ಬಸದಿಗೆ ಬರಲಾಗದವರಿಗೆ ಮನೆಯಲ್ಲಿಯೇ ಮಾಡಿಕೊಳ್ಳುವ ವಿಧಾನವನ್ನೂ, ಮಗುವಿನ ಆಹಾರದ ವಿವರವನ್ನೂ ಒಂದು ಹಾಳೆಯಲ್ಲಿ ಮುದ್ರಿಸಿ ಹಂಚಿದರೆ ಅದು ಶಾಸ್ತ್ರದಾನವೂ ಹೌದು, ಆಹಾರದಾನವೂ ಹೌದು.

ಜಿನಸೇನಾಚಾರ್ಯರ ವಿಧಿಯಲ್ಲಿ ಮಗುವು ಅಮೃತಕ್ಕೆ ಭಾಗಿಯಾಗಲೆಂಬ ಹಾರೈಕೆಯಿದೆ. ಆ ಅಮೃತವು ಮುಂದೊಂದು ದಿನ ಮೋಕ್ಷಮಾರ್ಗದಲ್ಲಿ ದೊರೆಯಬೇಕಾದುದು. ಅದರ ದಾರಿಯಲ್ಲಿ ನಡೆಯಬೇಕಾದ ಪುಟ್ಟ ಕಾಲುಗಳಿಗೆ ಬಲ ಬರುವುದು ಮಾತ್ರ ಸಕಾಲದಲ್ಲಿ ಕೊಟ್ಟ ಒಂದು ತುತ್ತಿನಿಂದ. ನನ್ನ ಮನೆಯಲ್ಲಿ ತಡವಾದುದು ನಿಮ್ಮ ಮನೆಯಲ್ಲಿ ತಡವಾಗದಿರಲಿ.